ಅಪ್ಪ ಬಂದಾನಂತ ಹೇಳೂ ಗಂಟಿ

ನಮ್ಮಪ್ಪಗ ರೊಟ್ಟಿ ಹಂಚಿನ ಮ್ಯಾಲಿಂದ ಸೀದಾ ತಾಟಿಗೆ ಬೀಳಬೇಕಿತ್ತು. ಮೊದಲ ಮಾಡಿ ಅರಿವ್ಯಾಗ ಸುತ್ತಿಟ್ಟ ರೊಟ್ಟಿ ನಡೀತಿರಲಿಲ್ಲ. ಅಂವ ಬಂದು ಕುಂತ ಮ್ಯಾಲೆ ಹಿಟ್ಟು ಕಲಸಾಕ ಹತ್ತೂದಂತೂ ನಡೀತನ ಇರಲಿಲ್ಲ. ಕೈಕಾಲು ತೊಳಕೊಂಡು ಮಣಿ ಮ್ಯಾಲೆ ಕುಂಡ್ರೂದಕ್ಕೂ ಮೊದಲನೇ ರೊಟ್ಟಿ ಉಬ್ಬೂದಕ್ಕೂ ಸರಿಹೋಗಬೇಕು. ಹೋಗಲಿಲ್ಲಂದ್ರ ತಾಟು ಹಾರತಿತ್ತು. ಹಾರತಿತ್ತು ಅಂದ್ರ ಮಾತಿಗೆ ಹೇಳಿದ್ದಲ್ಲ. ನಮ್ಮ ನಡುಮನಿ ಗ್ವಾಡಿಗೆ, ಕುಂತ ಮನಷ್ಯಾನ ತಲಿ ಎತ್ತರದಾಗ, ಪಲ್ಯೆದ ಎಣ್ಣಿ ಕಲಿ ಸಾಲಾಗಿ ಇದ್ದವು. ವರ್ಷಾ ಸುಣ್ಣ ಹಚ್ಚತಿದ್ವಿ, ತಿಂಗಳಾಗೂದ್ರಾಗ ಹಳದಿ ಆಗಿ ಮತ್ತ ಹೊರಗ ಬರತಿದ್ದವು. ಕುಡೀತಿದ್ದನೇನು ಅಂತ ಎಲ್ಲಾರೂ ಕೇಳ್ತಾರ. ಒಂದು ಹನಿ ಕುಡೀತಿರಲಿಲ್ಲ. ಎಲಿ ಅಡಿಕಿ ಸುದ್ದಾ ಇಲ್ಲ. ಊರಾಗ ಅವನಿಗೆ ದೇವಮಾಣೂಸ ಅಂತಿದ್ದರು, ಜಗಳಾ ಬಿಡಸಾಕ ನಮ್ಮಪ್ಪನ್ನ ಕರೀತಿದ್ದರು. ಅಕ್ಕಲಕೋಟದಿಂದ ದುಧನಿಗೆ ಹೋಗೂ ರಸ್ತಾದ ಮಗ್ಗಲಕ ನಮ್ಮ ಹೊಲ, ಅಲ್ಲಿ ಆಳಿನ ಮ್ಯಾಲೆ ಅಂವ ಕೈ ಎತ್ತಿದ್ದು ಯಾರೂ ನೋಡಿಲ್ಲ. ಆ ಕೈ ಎಲ್ಲಾ ಮನಿಗೆ ಅಂತ ಎತ್ತಿಡತಿದ್ದ.

ನಮ್ಮದು ಹಳೇ ವಾಡೇ. ದೊಡ್ಡ ಬಾಗಲಾ, ಅಂಗಳ, ಪಡಸಾಲಿ, ನಡುಮನಿ, ಅದರ ಹಿಂದ ಅಡಗಿಮನಿ. ಅಡಗಿಮನ್ಯಾಗ ಒಂದು ಬೆಳಕಿಂಡಿ ಬಿಟ್ರ ಕಿಟಕಿ ಇರಲಿಲ್ಲ. ಒಲಿ ಮುಂದ ಕುಂತಾಕಿಗೆ ದೊಡ್ಡ ಬಾಗಲಾ ಕಾಣೂದಿಲ್ಲ. ಕೇಳಿಸೂದೂ ಇಲ್ಲ, ಯಾಕಂದ್ರ ಗ್ವಾಡಿ ಆ ಕಡೆ ಹಿಟ್ಟಿನ ಗಿರಣಿ. ಮುಂಜಾನಿಂದ ಸಂಜೀತನಕ ಅದು ಟುಕು ಟುಕು ಅಂತ ನಮ್ಮ ನೆಲಾ ನಡಗಿಸತಿತ್ತು. ಅಪ್ಪ ಮೋಟರಸೈಕಲ್ ಮ್ಯಾಲೆ ಹೊಲದಿಂದ ಬರಾಂವ, ಓಣಿ ತುದೀಗೆ ಇಂಜನ ಬಂದ ಮಾಡಿ ದೂಡಿಕೊಂಡು ಬರಾಂವ. ಬರೂ ಹೊತ್ತು ಗೊತ್ತಿರಲಿಲ್ಲ. ಒಮ್ಮೆ ಹನ್ನೊಂದಕ್ಕ, ಒಮ್ಮೆ ಮೂರಕ್ಕ. ನಮ್ಮವ್ವ ಭಂಡಾರಕವಠೆ ಕಡೇದಾಕಿ, ತವರಮನ್ಯಾಗ ಹಾಡಿಕೋತ ರೊಟ್ಟಿ ಮಾಡತಿದ್ದಳಂತ. ನಮ್ಮನ್ಯಾಗ ಎಸರು ಕುದಿಯಾಕ ಇಟ್ಟು, ಹಿಟ್ಟು ಪರಾತದಾಗ ಇಟ್ಟು, ಬಾಗಲದ ಕಡೆ ಕಿವಿ ಕೊಟ್ಟು ಕುಂಡ್ರಾಕಿ. ಕಿವಿಗೆ ಗಿರಣಿ ಬಿಟ್ರ ಏನೂ ಬೀಳತಿರಲಿಲ್ಲ. ಒಮ್ಮೆ ಹಾರಿದ ತಾಟಿನ ಅಂಚು ನಮ್ಮ ಮಲ್ಲುಗ ಬಡೀತು. ಮಲ್ಲು ನನ್ನ ತಮ್ಮ, ಆಗ ನಾಕು ವರ್ಷದಾಂವ. ಹುಬ್ಬಿನ ಮ್ಯಾಲೆ ಸೀಳಿ ರಕ್ತ ಕಣ್ಣಾಗ ಇಳೀತು. ಅವ್ವ ಅರಿಷಿಣ ಒತ್ತಿದಳು. ಅಪ್ಪ ಬ್ಯಾರೇ ತಾಟು ತರಿಸಿಕೊಂಡು ಉಂಡ.

ಬಡಿಯೂದ್ರಾಗ ನಮ್ಮನ್ಯಾಗ ಒಂದು ಸಾಲು ಇತ್ತು. ಅಪ್ಪ ಅವ್ವಗ ಬಡೀತಿದ್ದ, ಅವ್ವ ನನಗ, ನಾ ಮಲ್ಲುಗ, ಮಲ್ಲು ಹೋಗಿ ಆಕಳ ಕರಾಕ್ಕ. ಆಯಿಗೆ, ಅಂದ್ರ ಅಪ್ಪನ ಅವ್ವಗ, ಯಾರೂ ಬಡೀತಿರಲಿಲ್ಲ, ಆಕಿ ಬಾಯಿಲೆ ಬಡೀತಿದ್ದಳು. ಹಿಂಗ ಬರದ್ರ ಓದಾವ್ರಿಗೆ ನಮ್ಮವ್ವನ ಮ್ಯಾಲೆ ಸಿಟ್ಟು ಬರಬಹುದು. ಬರಲಿ. ನನಗೂ ಬರತಿತ್ತು. ಆಕಿ ಕೈಯಾಗ ಬಳಿ ಇದ್ದವು, ಅವು ನನ್ನ ಬೆನ್ನ ಮ್ಯಾಲೆ ಒಡದದ್ದು ನಾ ಮರತಿಲ್ಲ. ಆದ್ರ ನನ್ನ ಕೈ ಬಗ್ಗೆ ಹೇಳಾಕನ ನಾ ಈ ಅಧ್ಯಾಯ ಬರ್ಯಾಕ ಕುಂತದ್ದು, ಅದಕ್ಕ ಮುಂದ ಬರತೀನಿ.

ಏಳನೇ ಇಯತ್ತೆದಾಗ ನಮಗ ವಿಜ್ಞಾನಕ್ಕ ಒಬ್ಬಾಕಿ ಬಾಯಿ ಬಂದ್ರು. ನಮ್ಮ ಕಡೆ ಸಾಲಿ ಕಲಸೂ ಹೆಣ್ಣಮಕ್ಕಳಿಗೆ ಬಾಯಿ ಅಂತೀವಿ. ಅವರು ಪ್ರದರ್ಶನದ ಸಲುವಾಗಿ ಸೋಲಾಪುರದಿಂದ ಮನಿ ಗಂಟಿ ಮಾಡೂ ಕಿಟ್ ತಂದಿದ್ರು. ಅಂಗೈಯಷ್ಟು ಬೋರ್ಡು, ಒಂದು ಪ್ಲಾಸ್ಟಿಕ್ ಚೀಲದಾಗ ಕಾಳಿನಂಥಾ ಸಾಮಾನು, ಒಂದು ಪುಟ್ಟ ಸ್ಪೀಕರ, ಎರಡು ಪೆನ್ಸಿಲ್ ಶೆಲ್. ಬೋರ್ಡಿನ ತೂತಿನ್ಯಾಗ ಸಾಮಾನಿನ ಕಾಲು ಇಳಿಸಿ, ಹಿಂದಿನ ತಾಮ್ರದ ಗೆರಿಗೆ ಬೆಸೀಬೇಕು. ಬಾಯಿ ಸಾಲ್ಯಾಗಿನ ಕಾಸಿ ಬೆಸಿಯೂ ಸೋಲ್ಡರ್ ಕಡ್ಡಿ ನನಗ ಮನಿಗೆ ಕೊಟ್ರು, ಯಾರಿಗೂ ಕೊಟ್ಟಿರಲಿಲ್ಲ. ಕಾಸಿ ತಂತಿ ಹಚ್ಚಿದೆ. ಅದು ಹಿಡೀಲೇ ಇಲ್ಲ. ಸಾಬೂದಾಣಿ ಕಾಳಿನಂಗ ಗುಂಡಗಾಗಿ ಉರುಳಿ ನೆಲಕ್ಕ ಬೀಳೂದು, ಕಡ್ಡಿ ತುದಿ ಕರ್ರಗಾಗೂದು. ಎರಡು ದಿನದಾಗ ಬಾಯಿ ಕೊಟ್ಟ ಸೋಲ್ಡರ್ ತಂತಿ ಎಲ್ಲಾ ಮುಗೀತು, ನಾಕು ಕಾಲು ಸುದ್ದಾ ನಿಲ್ಲಲಿಲ್ಲ. ಅದ ವಾರ ದುಧನಿಯಿಂದ ಕಲಾಯಿ ಮಾಡಾಂವ ನಮ್ಮ ಓಣಿಗೆ ಬಂದ. ನಮ್ಮ ಅಂಗಳದಾಗ ತಿದಿ ಹೂಡಿ, ಹಿತ್ತಾಳಿ ಭಾಂಡಿ ಕಾಸಿ, ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ ಅರಳಿಲೆ ಒಂದು ಸುತ್ತು ತಿರುವಿದ್ರ ಸಾಕು, ಒಳಗ ಬೆಳ್ಳಿ ಹರದಂಗ ಹರೀತಿತ್ತು. ನಾ ಕುಕ್ಕರಗಾಲಿಲೆ ಕುಂತು ನೋಡೇ ನೋಡಿದೆ. ನನ್ನ ಬೋರ್ಡಿಗೂ ಇದ ಬೇಕು ಅನ್ನಿಸಿತು. ಎರಡು ರೊಟ್ಟಿ, ಒಂದು ಮುಟಗಿ ಶೇಂಗಾಚಟ್ನಿ ಕೊಟ್ಟು ಅವನ ಕಡಿಂದ ಒಂದು ತುಂಡು ತವರ, ಒಂದು ಚೀಟಿ ನವಸಾಗರ ಇಸಕೊಂಡೆ. ಬಿಳೇ ಹೊಗಿ ಎದ್ದು ಕೆಮ್ಮು ಹತ್ತಿತು, ಖರೆ, ತವರ ಮಾತ್ರ ಹರೀತು ನೋಡ್ರಿ, ತೂತು ತೂತಿಗೂ ಫಳಫಳ. ಶೆಲ್ ಹಾಕಿದ ಕೂಡಲೇ ಸ್ಪೀಕರ ಕೋಳಿಮರಿಯಂಗ ಚಿಂವ್ ಚಿಂವ್ ಅಂತು. ಬಾಯಿ ಬೆನ್ನು ಚಪ್ಪರಿಸಿದ್ರು, ಪ್ರದರ್ಶನ ಮುಗದ ಮ್ಯಾಲೆ ಗಂಟಿ ನನಗ ಬಿಟ್ರು, ಇನ್ನೊಂದು ಕಿಟ್ ಮಾಡಾಕಂತ ಕಡ್ಡೀನೂ ನನ್ನ ಹಂತೇಕ ಇಟ್ರು.

ಅದನ್ನ ತಂದು ಮಲ್ಲುಗ ತೋರಿಸಾಕತ್ತಿದ್ದೆ. ಅವ್ವ ಹಿಟ್ಟು ಸೋಸಿಕೋತ, ನನ್ನ ಕಡೆ ನೋಡದನ ಕೇಳಿದಳು:

"ಇದನ್ನ ದೊಡ್ಡ ಬಾಗಲಕ ಹಚ್ಚಾಕ ಬರತೈತೇನವಾ?"

ಅಷ್ಟ ಕೇಳಿದಳು. ಯಾಕ ಅಂತ ನಾ ಕೇಳಲಿಲ್ಲ. ದೊಡ್ಡ ಬಾಗಲದಾಗ ಮಂದಿ ಬಂದು ಹೋಗಾಕ ಒಂದು ದಿಡ್ಡಿ ಬಾಗಲಾ ಇತ್ತು, ಗಾಡಿ ಒಳಗ ತರಾಕ ದೊಡ್ಡ ಪಡಕ ತೆರೀಬೇಕು, ಅದನ್ನ ಮಧ್ಯಾಹ್ನದಾಗ ಅಪ್ಪ ಒಬ್ಬನ ತೆರ್ಯಾಂವ. ಆ ಪಡಕದ ಹಿಂದ ಎರಡು ತಗಡಿನ ಪಟ್ಟಿ ಬಡದೆ, ಪಡಕ ತೆರದ್ರ ಅವು ಒಂದಕ್ಕೊಂದು ತಾಕಬೇಕು. ವಯರು ಜಂತಿ ಮ್ಯಾಲೆ ಹಾಯಿಸಿ ಅಡಗಿಮನಿ ಗೂಡಿನ್ಯಾಗ, ಉಪ್ಪಿನ ಗಡಗಿ ಹಿಂದ ಬೋರ್ಡು ಇಟ್ಟೆ. ಅಪ್ಪ ಪಡಕ ತೆರದ್ರ ಇಲ್ಲಿ ಚಿಂವ್ ಅಂತಿತ್ತು. ಗಿರಣಿ ಸಪ್ಪಳದಾಗ ಅವನಿಗೆ ಅದು ಕೇಳತಿರಲಿಲ್ಲ. ಅಂವ ಗಾಡಿ ನಿಲ್ಲಿಸಿ, ಬಚ್ಚಲಕ್ಕ ಹೋಗಿ, ಕೈಕಾಲು ತೊಳದು ಬರೂದ್ರಾಗ ಅವ್ವ ಎಸರು ಹೊಯ್ದು ಹಿಟ್ಟು ನಾದಿ ರೊಟ್ಟಿ ಹಂಚಿಗೆ ಹಾಕತಿದ್ದಳು. ಆಯಿ ಮೊದಲ ಬೈದಳು, ಗಂಡನ ಮ್ಯಾಲೆ ಪಹರೆ ಇಡೂ ಸೊಸಿ ನಾ ಎಲ್ಲೂ ಕಂಡಿಲ್ಲ ಅಂದಳು. ಎರಡು ದಿನ ಕಳದ ಮ್ಯಾಲೆ ಆಕೀನ ಗಂಟಿ ಆದ ಕೂಡಲೇ "ಬಂದಾನ, ಬಂದಾನ" ಅಂತ ಸೆರಗು ಸರಿ ಮಾಡಿಕೊಳ್ಳಾಕ ಹತ್ತಿದಳು.

ಮಲ್ಲುನ ಕೆಲಸ ನಂದು. ಗಂಟಿ ಆತಂದ್ರ ಅಂವ ಎಲ್ಲೇ ಇರಲಿ, ಏನ ತಿನ್ನಲಿ, ಎದ್ದು ನಡುಮನಿ ಮೂಲ್ಯಾಗಿನ ಜ್ವಾಳದ ಚೀಲದ ಹಿಂದ ಹೋಗಿ ತಲಿ ಮ್ಯಾಲೆ ಕೈ ಇಟಗೊಂಡು ಕುಂಡ್ರಬೇಕು. ಯಾರು ಕರದ್ರೂ ಬರಬಾರದು, ನಾ "ಮಲ್ಲು, ಹಾಲು ಕುಡಿ ಬಾ" ಅಂದ ಮ್ಯಾಲೆ ಬರಬೇಕು. ನಾಕು ವರ್ಷದ ಹುಡುಗ್ಗ ಮಾತಿಲೆ ಹೇಳಿದ್ರ ತಿಳೀತೈತೇನು? ನಾ ಹೊಡದು ಕಲಿಸಿದೆ. ತಗಡಿನ ಪಟ್ಟಿ ಕೈಯಿಲೆ ಒತ್ತಿ ಗಂಟಿ ಮಾಡತಿದ್ದೆ, ಓಡಲಿಲ್ಲಂದ್ರ ಕಪಾಳಕ್ಕ. ತಡಾ ಮಾಡಿದ್ರ ಕಪಾಳಕ್ಕ. ಆಯಿ ಕರದಳಂತ ಹೊರಗ ಬಂದ್ರ ತೊಡಿ ಚೂಟಿ ರಕ್ತ ಬರಸತಿದ್ದೆ. ಎಂಟು ದಿನದಾಗ ಕಲತ. ಒಂಬತ್ತನೇ ದಿನ ಗಂಟಿ ಮಾಡಿದಾಗ ಬಾಯಾಗ ತುತ್ತು ಇಟ್ಟುಕೊಂಡ ಓಡಿದ, ಕುಂತ, ಅಳಲಿಲ್ಲ. ನನಗ ಎಷ್ಟು ಖುಷಿ ಆತು ಅಂದ್ರ, ಬೋರ್ಡು ಮೊದಲ ಸಲ ಚಿಂವ್ ಅಂದಾಗೂ ಅಷ್ಟು ಆಗಿರಲಿಲ್ಲ. ಅವನ ಜೀವಾ ಉಳಿಸಾಕತ್ತೀನಿ ಅಂತ ನಾ ಖರೇ ನಂಬಿದ್ದೆ. ಹೊಡಿಯೂವಾಗ ನನ್ನ ಕೈಗೆ ರುಚಿ ಹತ್ತಿತ್ತು ಅನ್ನೂದು ಆಗ ನನಗ ತಿಳೀಲಿಲ್ಲ.

ಇಪ್ಪತ್ತು ದಿನ ಗ್ವಾಡಿಗೆ ಹೊಸ ಕಲಿ ಬೀಳಲಿಲ್ಲ. ಅಪ್ಪ ಉಬ್ಬಿದ ರೊಟ್ಟಿ ಮುರದು, ಉಗಿ ಹೊರಗ ಬಿಟ್ಟು, ಅವ್ವನ ಕಡೆ ನೋಡಿ ಹೇಳತಿದ್ದ:

"ಈಗ ಕಲತಿ ನೋಡು. ಇಷ್ಟು ವರ್ಷಾ ಬಡದ ಮ್ಯಾಲೆ ಕಲತಿ."

ಅವ್ವ ಇನ್ನೊಂದು ರೊಟ್ಟಿ ಹಂಚಿಗೆ ಹಾಕತಿದ್ದಳು. ಉಪ್ಪಿನ ಗಡಗಿ ಕಡೆ ನೋಡತಿರಲಿಲ್ಲ, ಬೇಕಂತನ.

ಆಮ್ಯಾಲೆ ಮಳಿ ಹಿಡೀತು. ನಮ್ಮ ಕಡೆ ಮಳಿ ಅಂದ್ರ ಎರಡು ದಿನದ ಜಿಟಿಜಿಟಿ, ಅಷ್ಟಕ್ಕ ಗ್ವಾಡಿ ಬೆವರತಾವು. ಗಂಟಿ ತಾನ ಹೊಡಕೊಳ್ಳಾಕ ಹತ್ತಿತು. ಬಾಗಲದಾಗ ಯಾರೂ ಇಲ್ಲ, ಇಲ್ಲಿ ಚಿಂವ್ ಚಿಂವ್. ಅವ್ವ ಎಸರು ಹೊಯ್ದು ರೊಟ್ಟಿ ಮಾಡಾಕಿ, ಅಂವ ಬಂದಿರೂದಿಲ್ಲ, ರೊಟ್ಟಿ ಆರಿ ಹೋಗೂದು, ಅದನ್ನ ಮುಚ್ಚಿಡೂದು. ಮಲ್ಲು ಓಡಿ ಕುಂಡ್ರಾಂವ, ನಾ ಕರೀಬೇಕು, ಎದ್ದು ಬರೂದ್ರಾಗ ಮತ್ತ ಚಿಂವ್, ಮತ್ತ ಓಡಾಂವ. ಒಂದು ಮಧ್ಯಾಹ್ನದಾಗ ಹನ್ನೆರಡು ಸಲ ಓಡಿದ, ಚಡ್ಡಿ ತೋಯಿಸಿಕೊಂಡ. ನಾ ಬೋರ್ಡಿಗೆ ಬಡದೆ. ನಮ್ಮಪ್ಪ ರೇಡಿಯೋಕ್ಕ ಬಡೀತಿದ್ದ, ಹಂಗ, ಅಂಗೈಲೆ ಒಂದು ಏಟು. ಸುಮ್ಮನಾತು. ಮರುದಿನ ಮತ್ತ ಹತ್ತಿತು, ಮತ್ತ ಬಡದೆ. ಮೂರನೇ ದಿನ ಬಡದಾಗ ಸುಮ್ಮನಾತು, ಒಳ್ಳೇದಾತು ಅಂತ ಸಾಲಿಗೆ ಹೋದೆ. ಅದು ಸುಮ್ಮನಾಗಿದ್ದು ಸತ್ತು ಹೋಗಿ ಅಂತ ನನಗ ಗೊತ್ತಿರಲಿಲ್ಲ.

ನಾ ಮಧ್ಯಾಹ್ನ ಉಣ್ಣಾಕ ಮನಿಗೆ ಬಂದಾಗ ಅಪ್ಪ ಮಣಿ ಮ್ಯಾಲೆ ಕುಂತಿದ್ದ, ತಾಟು ಖಾಲಿ ಇತ್ತು, ಅವ್ವ ಒಣ ಹಿಟ್ಟಿನ್ಯಾಗ ಎಸರು ಹೊಯ್ಯಾಕತ್ತಿದ್ದಳು. ಅವಸರದಾಗ ಎಸರು ಒಲಿಗೆ ಚೆಲ್ಲಿ ಬೂದಿ ಎದ್ದಿತ್ತು. ಅಂವ ಎದ್ದ. ಕೂಗಲಿಲ್ಲ, ಅಂವ ಬಡಿಯೂವಾಗ ಎಂದೂ ಕೂಗತಿರಲಿಲ್ಲ. ಹಿಟ್ಟಿನ್ಯಾಗಿದ್ದ ಅವ್ವನ ಬಲಗೈ ಹಿಡದು, ಪರಾತದ ಅಂಚಿಗೆ ಇಟ್ಟು, ಮ್ಯಾಲೆ ಕಾಲಿಟ್ಟ. ಒಣಗಿದ ತೊಗರಿ ಕಟಗಿ ಮುರದಂಗ ಸಪ್ಪಳಾತು. ಅವ್ವ ಒದರಿದ್ದು ಗಿರಣಿ ಸಪ್ಪಳದಾಗ ಓಣಿಗೆ ಕೇಳಲಿಲ್ಲ. ಮಲ್ಲು ಒಲಿ ಹಂತೇಕ ನಿಂತು ನೋಡಾಕತ್ತಿದ್ದ, ಯಾಕಂದ್ರ ಗಂಟಿ ಆಗಿರಲಿಲ್ಲ, ಗಂಟಿ ಆಗದ ಓಡಬೇಕು ಅಂತ ನಾ ಅವನಿಗೆ ಕಲಿಸಿರಲಿಲ್ಲ. ಸಂಜೀಕ ಅಪ್ಪ ತಾನ ನಮ್ಮವ್ವನ್ನ ಗಾಡಿ ಮ್ಯಾಲೆ ಕುಂಡ್ರಿಸಿಕೊಂಡು ಹೋಗಿ ಪಟ್ಟಿ ಕಟ್ಟಿಸಿಕೊಂಡು ಬಂದ. ಬಚ್ಚಲದಾಗ ಜಾರಿ ಬಿದ್ದೆ ಅಂತ ಅವ್ವ ಹೇಳಿದಳಂತ. ಬರೂವಾಗ ಬಾಳಿಹಣ್ಣು ತಂದಿದ್ದ, ಮಲ್ಲುಗ ತಾನ ಸುಲದು ಕೊಟ್ಟ.

ಇನ್ನ ರೊಟ್ಟಿ ಮಾಡೂದು ನನ್ನ ಪಾಲಿಗೆ ಬಂತು. ಹನ್ನೆರಡು ವರ್ಷದ ಕೈಯಿಲೆ ಮಾಡಿದ ರೊಟ್ಟಿ ಉಬ್ಬೂದು ದೇವರ ಕೈಯಾಗಿನ ಮಾತು. ಗಂಟಿ ದುರಸ್ತ ಆಗಲಿಲ್ಲಂದ್ರ ಮುಂದಿನದು ನನ್ನ ಕೈ ಅಂತ ನನಗ ಸ್ಪಷ್ಟ ಇತ್ತು. ಶನಿವಾರ ಮುಂಜಾನಿ ಸಾಲಿ ಬಿಟ್ಟ ಮ್ಯಾಲೆ ಎಸ್.ಟಿ. ಬಸ್ ಹತ್ತಿ ಅಕ್ಕಲಕೋಟಕ್ಕ ಹೋದೆ, ಬೋರ್ಡು ಪಾಟೀಚೀಲದಾಗ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದ ಒಬ್ಬ ಮುದುಕ ರೇಡಿಯೋ ರಿಪೇರಿ ಮಾಡತಿದ್ದ, ಎಲ್ಲಾರೂ ಅವನಿಗೆ ರೇಡಿಯೋ ಮಾಮಾ ಅಂತಿದ್ದರು. ಕಣ್ಣಿಗೆ ಭೂತಗನ್ನಡಿ ಹಚಗೊಂಡು ಬೋರ್ಡು ತಿರುವಿ ನೋಡಿದ. ನನ್ನ ಫಳಫಳ ಬೆಸಗಿ ಎಲ್ಲಾ ಹಸರು ಬೂಸ್ಟ ಹಿಡದಿದ್ದವು.

"ಯಾವುದ್ರಲೆ ಬೆಸದೀದು?"

"ತವರಲೆ. ನವಸಾಗರ ಹಚ್ಚಿ."

ಮಾಮಾ ನಕ್ಕ ನಕ್ಕ, ಕನ್ನಡಕಾ ತಗದು ಕಣ್ಣು ಒರಿಸಿಕೊಂಡ.

"ಇದೇನ ನಿಮ್ಮಾಯಿ ಹಂಡೇನ ಕಲಾಯಿ ಮಾಡಾಕ? ಹಂಡೇ ತೊಳೀತೀರಿ, ನವಸಾಗರ ಹೋಗತೈತಿ. ಇದನ್ನ ತೊಳದೇನು? ಇಲ್ಲ. ಅದು ಕುಂತಲ್ಲೇ ನೀರು ಎಳಕೊಂಡು ತಾಮ್ರಾ ತಿಂದೈತಿ. ಹಸಿ ಇದ್ದಾಗ ತಾನ ಬಾರಿಸಿರಬೇಕು, ಹೌದಲ್ಲೋ?"

"ಹೂಂರಿ."

"ಆಗ ಏನ ಮಾಡಿದಿ?"

"ಬಡದೆ."

"ಬಡದ ಕೂಡಲೇ ಸುಮ್ಮನಾತು."

"ಹೂಂರಿ."

"ಅದಕ್ಕ ಸತ್ತೈತಿ. ಬಡದ್ರ ಒಂದು ಗಳಿಗಿ ಹೇಳಿದಂಗ ಕೇಳತೈತಿ, ಒಳಗ ಬಿಟ್ಟ ಕಾಲು ಇನ್ನಷ್ಟು ಬಿಡತೈತಿ. ಮೊದಲ ಕಣ್ಣಿಲೆ ನೋಡೂದು. ಆಮ್ಯಾಲೆ ಒಣ ಕಟಗಿಲೆ ಒಂದೊಂದ ಕಾಲು ಅಲಗಿಸಿ ನೋಡೂದು. ಎಲ್ಲಿ ಅಲಗತೈತಿ ಅದು ರೋಗ. ಕಳಲಂ ಕಾ? ತಿಳೀತೇನು?"

ಅಂವ ತಾನ ಮಾಡಿಕೊಡಲಿಲ್ಲ. ಬಿಸಿನೀರಾಗ ಹಳೇ ಬ್ರಷ್ಷಿಲೆ ತಿಕ್ಕಿ, ಬಿಸಲಿಗೆ ಒಣಗಿಸಿ, ಬ್ಲೇಡಿಲೆ ಕೆರದು, ನವಸಾಗರದ ಬದಲಿ ರಾಳ ಹಚ್ಚಿ ಬೆಸಿ ಅಂದ. ಒಂದು ಮೊಳ ಸೋಲ್ಡರ್ ತಂತಿ ಕೊಟ್ಟ. ರಾಳ ನಮ್ಮನ್ಯಾಗ ಇತ್ತು, ಆಯಿ ಹಿಮ್ಮಡ ಒಡದದ್ದಕ್ಕ ಮೇಣದ ಜೋಡಿ ಕಾಸಿ ಹಚಗೋತಿದ್ದಳು.

ಐತವಾರ ಮಧ್ಯಾಹ್ನ ನಡುಮನ್ಯಾಗ ಕುಂತು ಮಾಡಾಕತ್ತಿದ್ದೆ. ತೊಳದು ಒಣಗಿಸಿದ್ದಾಗಿತ್ತು. ಅವ್ವ ಅಡಗಿಮನಿ ಹೊಸ್ತಲಕ್ಕ ಕುಂತಿದ್ದಳು, ಪಟ್ಟಿ ಕಟ್ಟಿದ ಕೈ ಕೊರಳಿಗೆ ತೂಗಬಿದ್ದಿತ್ತು. ಮಲ್ಲು ಆಯಿ ತೊಡಿ ಮ್ಯಾಲೆ ಕುಂತು ಶೇಂಗಾ ತಿನ್ನಾಕತ್ತಿದ್ದ. ಅಪ್ಪ ಬಂದ. ಬರೂದು ಯಾರಿಗೂ ಗೊತ್ತಾಗಲಿಲ್ಲ, ಹೆಂಗ ಗೊತ್ತಾಗಬೇಕು, ಗಂಟಿ ನನ್ನ ತೊಡಿ ಮ್ಯಾಲಿತ್ತು. ಅವನ ಕೈಯಾಗ ಎತ್ತಿನ ಬಾರಕೋಲು ಇತ್ತು, ಪಡಸಾಲಿ ಗೂಟಕ್ಕ ಹಾಕಾಕ ತಂದದ್ದು. ಬೋರ್ಡು ನೋಡಿದ, ಜಂತಿ ಮ್ಯಾಲಿನ ವಯರು ನೋಡಿದ, ಅದು ಹೋದ ಹಾದಿ ಹಿಡದು ಕಣ್ಣಿಲೆ ಬಾಗಲದ ತನಕ ಹೋಗಿ ಬಂದ. ಮಡ್ಡ ಅಲ್ಲ ನಮ್ಮಪ್ಪ.

"ಏನಿದು?"

ಬಾರಕೋಲಿನ ಹಿಡಿ ನನ್ನ ಗದ್ದದ ಕೆಳಗಿಟ್ಟು ಮಾರಿ ಎತ್ತಿದ.

"ನೀ ಬಂದದ್ದು ಗೊತ್ತಾಗಲಿ ಅಂತಪಾ," ಆಯಿ ಹೇಳಿಬಿಟ್ಟಳು. "ರೊಟ್ಟಿ ಬಿಸಿ ಸಿಗಲಿ ಅಂತ."

"ಅಂದ್ರ ಈಕಿ ಕಲತಿರಲಿಲ್ಲ." ಅಂವ ಅವ್ವನ ಕಡೆ ನೋಡಿದ. "ಇದು ಹೇಳತಿತ್ತು. ಈಗ ಕೆಟ್ಟೈತಿ, ಹೌದಲ್ಲೋ? ಮಾಡು. ನಾ ಇಲ್ಲೇ ಕುಂಡರತೀನಿ. ಆಗಲಿಲ್ಲಂದ್ರ ನಿಮ್ಮವ್ವಂದು ಇನ್ನೊಂದ ಕೈ ಐತಿ."

ಮಣಿ ಎಳಕೊಂಡು ನನ್ನ ಮುಂದ ಕುಂತ. ಬಾರಕೋಲು ಅಡ್ಡ ತೊಡಿ ಮ್ಯಾಲೆ. ಇವತ್ತು ಸೋಲಾಪುರದಾಗ ನಂದ ಸ್ವಂತ ದುಕಾನ ಐತಿ, ಟವೆಲ್ ಮಗ್ಗದ ಬೋರ್ಡು ರಿಪೇರಿ ಮಾಡತೀನಿ. ಮಗ್ಗ ನಿಂತಿರತೈತಿ, ಮಾಲಕ ತಲಿ ಮ್ಯಾಲೆ ನಿಂತು ಒದರತಿರತಾನ. ನನಗ ಏನೂ ಅನಿಸೂದಿಲ್ಲ. ಅದಕ್ಕಿಂತ ಕೆಟ್ಟ ಗಿರಾಕಿ ಮುಂದ ನಾ ಮೊದಲನೇ ಬೋರ್ಡು ಮಾಡೀನಿ.

ಬ್ಲೇಡಿಲೆ ಹಸರು ಕೆರದೆ. ರಾಳದ ಪುಡಿ ಉದುರಿಸಿ ಒಂದೊಂದ ಕಾಲು ಹೊಸದಾಗಿ ಬೆಸದೆ. ಕಡ್ಡಿ ತುದಿ ಹಸೀ ಅರಿವಿಗೆ ಒರಿಸಿ, ಮೊದಲ ಕಾಲು ಕಾಸಿ, ಆಮ್ಯಾಲೆ ತಂತಿ ಮುಟ್ಟಿಸಬೇಕು ಅಂತ ಮಾಮಾ ಹೇಳಿದ್ದು ನೆಪ್ಪು ಇಟ್ಟು ಮಾಡಿದೆ. ಎಲ್ಲಾ ಮುಗಿಸಿ ಶೆಲ್ ಹಾಕಿ ಎರಡು ವಯರಿನ ತುದಿ ತಾಕಿಸಿದೆ. ಸಪ್ಪಳಿಲ್ಲ. ಮತ್ತ ತಾಕಿಸಿದೆ. ಇಲ್ಲ. ಅಪ್ಪ ಕುಂತಲ್ಲಿಂದನ ನನ್ನ ಕಿವಿ ಮ್ಯಾಲೆ ಬಾರಿಸಿದ. ಕಡ್ಡಿ ಕೈಯಿಂದ ಜಾರಿ ತೊಡಿ ಮ್ಯಾಲೆ ಬಿತ್ತು, ಲಂಗ ಸುಟ್ಟು ಚರ್ಮಕ್ಕ ಹತ್ತಿತು. ಸುಟ್ಟ ವಾಸನಿ ನನಗ ಮೊದಲ ಬಂತು, ಉರಿ ಆಮ್ಯಾಲೆ. ನಾ ಒದರಲಿಲ್ಲ. ಕಡ್ಡಿ ಎತಗೊಂಡೆ. ಅವನ ಪಾದ ನನ್ನಿಂದ ಒಂದು ಗೇಣು ದೂರ ಇತ್ತು, ಉಗರು ದೊಡ್ಡವು, ಬೆರಳ ಸಂದಿನ್ಯಾಗ ಹೊಲದ ಮಣ್ಣು. ಈ ಕಡ್ಡಿ ಅಲ್ಲಿ ಊರಬೇಕು ಅನ್ನಿಸಿತು. ಅನ್ನಿಸಿತು ಅಂದ್ರ ಕಮ್ಮಿ ಆಗತೈತಿ, ಕೈ ಅರ್ಧ ಹೋಗಿತ್ತು. ಅವ್ವ ನನ್ನ ಕಣ್ಣ ನೋಡಿ ತಲಿ ಅಲ್ಲಾಡಿಸಿದಳು. ಕೈ ಹಿಂದಕ ತಂದೆ.

ಮೊದಲ ಕಣ್ಣಿಲೆ ನೋಡೂದು. ಬೋರ್ಡು ಬೆಳಕಿಂಡಿ ಕಡೆ ಹಿಡದು ನೋಡಿದೆ. ತಾಮ್ರದ ಗೆರಿ ಒಂದು ಕಡೆ ಕೂದಲಷ್ಟು ತುಂಡಾಗಿತ್ತು, ನವಸಾಗರ ತಿಂದ ಜಾಗಾ. ಅದರ ಮ್ಯಾಲೆ ಒಂದು ತುಂಡು ತಂತಿ ಇಟ್ಟು ಸೇತುವಿಯಂಗ ಬೆಸದೆ. ಈಗ ವಯರು ತಾಕಿಸದನ ಹೊಡಕೊಳ್ಳಾಕ ಹತ್ತಿತು, ನಿಲ್ಲಲಿಲ್ಲ. ಅಪ್ಪ ಬಾರಕೋಲು ಕೈಗೆ ತಗೊಂಡ. ಒಣ ಕಟಗಿಲೆ ಒಂದೊಂದ ಕಾಲು ಅಲಗಿಸಿದೆ, ಯಾವುದೂ ಅಲಗಲಿಲ್ಲ. ಅಂದ್ರ ಬಿಟ್ಟದ್ದಲ್ಲ, ಕೂಡಬಾರದ್ದು ಕೂಡೈತಿ. ಎರಡು ಕಾಲಿನ ನಡುವ ಸೋಲ್ಡರ್ ಹರದು ಒಂದಾಗಿತ್ತು. ಕಾಸಿ, ಸೂಜಿ ಮೊನಿಲೆ ನಡುವ ಗೆರಿ ಎಳದೆ. ಸುಮ್ಮನಾತು. ವಯರು ತಾಕಿಸಿದೆ, ಚಿಂವ್. ಬಿಟ್ಟೆ, ಸುಮ್ಮ. ತಾಕಿಸಿದೆ, ಚಿಂವ್. ಒಯ್ದು ಗೂಡಿನ್ಯಾಗ ಇಟ್ಟು ಬಾಗಲದ ವಯರು ಹಚ್ಚಿದೆ.

"ಬಾಗಲದಿಂದ ನೋಡಬೇಕು," ನಾ ಅಂದೆ. "ಯಾರರ ಹೋಗಿ ಪಡಕ ತೆರೀಬೇಕು."

"ನಾ ಹೋಗತೀನಿ," ಅಂದ ಅಪ್ಪ.

ಹೋದ. ನಮಗ ನಾಕೂ ಮಂದಿಗೆ ಗೊತ್ತಿತ್ತು, ಅಂವ ಈಗ ಇಲ್ಲೇ ಕುಂತಿದ್ದ, ಬರೇ ನೋಡಾಕ ಹೋಗ್ಯಾನ ಅಂತ. ಗಂಟಿ ಆತು. ಮಲ್ಲು ಆಯಿ ತೊಡಿ ಮ್ಯಾಲಿಂದ ಜಿಗದ, ಶೇಂಗಾ ನೆಲದ ತುಂಬ ಹಾರಿದವು, ಚೀಲದ ಹಿಂದ ಹೋದ. ಆಯಿ ಸೆರಗು ಹಣಿತನಕ ಎಳಕೊಂಡಳು. ಅವ್ವ ಎದ್ದು ಒಲಿ ಮುಂದ ಹೋಗಿ ಒಂದ ಕೈಲೆ ಎಸರು ಎತ್ತಿ ಹಿಟ್ಟಿಗೆ ಹೊಯ್ಯಾಕ ಹತ್ತಿದಳು. ನಾ ಗ್ವಾಡಿಗೆ ಬೆನ್ನು ಹಚ್ಚಿ ನಿಂತೆ. ಗಂಟಿ ಹೊಡಕೋತನ ಇತ್ತು. ಅಪ್ಪ ಪಡಸಾಲಿ ದಾಟಿ ನಡುಮನಿ ಹೊಸ್ತಲಕ್ಕ ಬಂದು ನಿಂತ. ಈ ಗಂಟಿ ಆದಾಗ ಒಳಗ ಏನಾಗತೈತಿ ಅಂತ ಅಂವ ಹಿಂದ ಎಂದೂ ನೋಡಿರಲಿಲ್ಲ, ಅಂವ ಒಳಗ ಬರೂದ್ರಾಗ ಎಲ್ಲಾ ಮುಗದಿರತಿತ್ತು.

"ಮಲ್ಯಾ ಎಲ್ಲಿ?"

ಚೀಲದ ಕಡೆ ಯಾರೂ ನೋಡಲಿಲ್ಲ. ಅಪ್ಪ ತಾನ ಹುಡಿಕಿದ. ಚೀಲದ ಸಂದಿಗೆ ಬಗ್ಗಿ ನೋಡಿದ. ಮಲ್ಲು ತಲಿ ಮ್ಯಾಲೆ ಎರಡೂ ಕೈ ಇಟಗೊಂಡು, ಕಣ್ಣು ಮುಚಗೊಂಡು, ಮೊಣಕಾಲಾಗ ಮಾರಿ ಹುದಗಿಸಿಕೊಂಡು ಕುಂತಿದ್ದ.

"ಏ ಮಲ್ಯಾ, ಹೊರಗ ಬಾ."

ಬರಲಿಲ್ಲ.

"ಮಲ್ಲು, ಬಾಪಾ. ನಾ ಏನೂ ಮಾಡೂದಿಲ್ಲ."

ಬರಲಿಲ್ಲ. ಅಪ್ಪ ಕೈ ಚಾಚಿದ. ಮಲ್ಲು ಇನ್ನಷ್ಟು ಒಳಗ ಸರದ. ಮೂರನೇ ಸಲ ಕರದ, ಆ ದನಿ ನಾ ಅವನ ಬಾಯಾಗ ಕೇಳಿರಲಿಲ್ಲ. ಆಮ್ಯಾಲೆ ನನ್ನ ಕಡೆ ತಿರುಗಿದ.

"ನೀ ಕರಿ."

"ಮಲ್ಲು, ಹಾಲು ಕುಡಿ ಬಾ," ಅಂದೆ.

ಮಲ್ಲು ಬಂದ. ಅಪ್ಪನ ಕಾಲ ಮಗ್ಗಲಿಂದ ಹಾದು ನನ್ನ ಲಂಗ ಹಿಡಕೊಂಡು ನಿಂತ. ಅಪ್ಪ ಅಡಗಿಮನಿಗೆ ಹೋಗಿ ಗೂಡಿನಿಂದ ಬೋರ್ಡು ಕಿತ್ತ, ಖಾರ ಕುಟ್ಟೂ ಖಲಬತ್ತಿನ ಬತ್ತಾ ತಗೊಂಡ, ನೆಲದ ಮ್ಯಾಲಿಟ್ಟು ಜಜ್ಜಿದ. ಸ್ಪೀಕರ ಚಪ್ಪಟಿ ಆದ ಮ್ಯಾಲೂ ಜಜ್ಜಿದ, ಫರಸಿ ಕಲ್ಲು ಸೀಳೂ ತನಕ ಜಜ್ಜಿದ. ಈಗ ನಮ್ಮ ಮ್ಯಾಲೆ ಬರತಾನ ಅಂತ ನಾವು ಕಾದ್ವಿ. ಬತ್ತಾ ಅಲ್ಲೇ ಒಗದು ಮಣಿ ಮ್ಯಾಲೆ ಕುಂತ. ಅರಿವ್ಯಾಗ ಸುತ್ತಿಟ್ಟ ಮುಂಜಾನಿ ರೊಟ್ಟಿ ತಾನ ತಗೊಂಡು, ಚಟ್ನಿ ಹಚಗೊಂಡು ಉಂಡ. ತಣ್ಣಗಿನ ರೊಟ್ಟಿ ಅಂವ ಉಂಡದ್ದು ನಾ ನೋಡಿದ್ದು ಅದ ಮೊದಲು.

ಅಂದಿನಿಂದ ಬಡಿಯೂದು ನಿಂತಿತು ಅಂತ ಬರದ್ರ ನಾ ಸುಳ್ಳ ಬರದಂಗ. ಆಮ್ಯಾಲೂ ಅವ್ವಗ ಎರಡು ಸಲ ಬಡದಾನ, ನನಗ ಬಡದದ್ದಕ್ಕ ಲೆಕ್ಕ ಇಲ್ಲ. ಆದ್ರ ಮರುದಿನದಿಂದ ಒಂದು ಹೊಸಾದು ಸುರು ಆತು. ದೊಡ್ಡ ಬಾಗಲದ ಹೊರಗ ನಿಂತು ಅಪ್ಪ ಕೆಮ್ಮತಿದ್ದ. ಗಿರಣಿ ಸಪ್ಪಳ ಮೀರಿ ಅಡಗಿಮನಿಗೆ ಮುಟ್ಟೂ ಅಂಥಾ ಕೆಮ್ಮು, ಮೂರು ಸಲ. ಆಮ್ಯಾಲೆ ಒಂದು ರೊಟ್ಟಿ ಆಗೂಷ್ಟು ಹೊತ್ತು ಅಲ್ಲೇ ನಿಂತು, ಪಡಕ ತೆರೀತಿದ್ದ. ಇದರ ಬಗ್ಗೆ ಅಂವ ಯಾರಿಗೂ ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೆಮ್ಮು ಕೇಳಿದ ಕೂಡಲೇ ಅವ್ವ ಎಸರು ಹೊಯ್ಯತಿದ್ದಳು, ಮಲ್ಲು ಚೀಲದ ಹಿಂದ ಹೋಗತಿದ್ದ. ಗಂಟಿಂದ ಕೆಮ್ಮಿಗೆ ಅವನ್ನ ತಿರುಗಿಸಾಕ ನಾ ಹೊಡೀಬೇಕಾಗಲಿಲ್ಲ, ಒಂದ ದಿನದಾಗ ತಾನ ಕಲತ.

ಅವ್ವ ತೀರಿ ಹೋಗಿ ಬಾಳ ದಿನಾ ಆತು. ಹೋದ ವರ್ಷ ಅಪ್ಪಗ ದಮ್ಮು ಜೋರಾಗಿ ಸೋಲಾಪುರದ ಒಂದು ದವಾಖಾನಿಗೆ ಹಾಕಿದ್ವಿ. ಗಾಜಿನ ಕಿಟಕಿ, ಬಿಳೇ ಹಾಸಗಿ, ಮೂಗಿಗೆ ನಳಿಗಿ. ಮಲ್ಲು ಹುಲಜಂತಿ ಕಡೆ ಸೊಸೈಟ್ಯಾಗ ಕಾರಕೂನ, ಮೀಸಿ ಅರ್ಧ ಬೆಳ್ಳಗಾಗ್ಯಾವು, ಎರಡು ಮಕ್ಕಳ ತಂದಿ, ಮಕ್ಕಳಿಗೆ ಒಂದು ದಿನಾ ಕೈ ಹಚ್ಚಿಲ್ಲ. ನಾನು ಹಚ್ಚೀನಿ, ನನ್ನ ಮಗಳಿಗೆ, ಅದನ್ನೂ ಇಲ್ಲೇ ಬರದಿಡತೀನಿ. ಮಧ್ಯಾಹ್ನ ಇಬ್ಬರೂ ಮಂಚದ ಮಗ್ಗಲಕ ಕುಂತಿದ್ವಿ. ಅಪ್ಪಗ ಕೆಮ್ಮು ಬಂತು. ಮಲ್ಲು ಖುರ್ಚಿ ಬಿಟ್ಟು ಎದ್ದು ಹೋಗಿ ಕಪಾಟಿನ ಆ ಕಡೆ ನಿಂತ. ಕೆಮ್ಮು ನಿಂತಿತು, ಬಂದು ಕುಂತ. ಮತ್ತ ಕೆಮ್ಮಿದ, ಮತ್ತ ಎದ್ದು ಹೋದ. ತಾ ಎದ್ದದ್ದು ಅವನಿಗೇ ಗೊತ್ತಿರಲಿಲ್ಲ, ಕೈಯಾಗಿನ ಪೇಪರ ಹಂಗ ಹಿಡಕೊಂಡಿದ್ದ. ಮೂರನೇ ಸಲಕ್ಕ ಅಪ್ಪ ನಳಿಗಿ ಸರಿಸಿ ಅವನ ಕಡೆ ನೋಡಿದ.

"ಕುಂಡ್ರಪಾ ಮಲ್ಲು. ಇದು ಖರೇ ಕೆಮ್ಮು."

ಮಲ್ಲು ಕಪಾಟಿಗೆ ಆನಿಕೊಂಡು ನಿಂತಿದ್ದ. ಬರಲಿಲ್ಲ. ಅವನ ಕಣ್ಣು ನನ್ನ ಮ್ಯಾಲಿದ್ದವು. ಇದನ್ನ ಹೊಡದು ಕಲಿಸಿದಾಕಿ ನಾನು, ಅಪ್ಪ ಅಲ್ಲ. ಅದು ಅಪ್ಪಗ ಬೋರ್ಡು ಜಜ್ಜಿದ ದಿನಾನ ಗೊತ್ತಾಗಿತ್ತು. ಇಷ್ಟು ವರ್ಷದಾಗ ಒಂದು ಸಲ ಸುದ್ದಾ ಅಂವ ನನಗ ಅದನ್ನ ಅಂದಿರಲಿಲ್ಲ. ಈಗೂ ಅನಲಿಲ್ಲ. ನನ್ನ ಕಡೆ ತಿರುಗಿ, ಉಸರು ಹಿಡಕೊಂಡು, ಅಷ್ಟ ಹೇಳಿದ:

"ನೀ ಕರಿ."

ಮಲ್ಲು ಬಿಟ್ಟು ಹೋದ ಖುರ್ಚಿ ಮಂಚದ ಹಂತೇಕ ಸರಿಸಿದೆ.

"ಮಲ್ಲು, ಹಾಲು ಕುಡಿ ಬಾ."

ಬಂದು ಕುಂತ.